ಮೊರ್ವಾಲ್ ಸಾಹೇಬನ ಮೂಕ ಸ್ವರ

ಗ್ರಾಂಟ್ ರೋಡಿನ ಹಾರ್ಮೋನಿಯಂ ಅಂಗಡಿಯ ಮಾಲೀಕ ಗದಿಗೆಪ್ಪ ಆ ಸೋಮವಾರ ಬೆಳಿಗ್ಗೆ ಒಂದು ರೆಕಾರ್ಡು ತರದೇ ಇದ್ದಿದ್ದರೆ, ಅವನ ರಿಪೇರಿಗಾರ ಕುತುಬುದ್ದೀನ ಯಾವುದೋ ಭಜನಾ ಮಂಡಳಿಯ ಪೇಟಿಯ ಹರಿದ ತಿದಿಗೆ ತೇಪೆ ಹಚ್ಚಿ, ಸಂಜೆಯ ಲೋಕಲ್ ಹಿಡಿದು ನೆಮ್ಮದಿಯಿಂದ ಕುರ್ಲಾದ ಚಾಳಿಗೆ ಹೋಗುತ್ತಿದ್ದ.

“ಕುತುಬು, ಇಲ್ನೋಡೊ. ಈ ಫೋಟೋದಾಗಿನ ಪಿಯಾನೊ ನೀ ರಿಪೇರಿ ಮಾಡ್ತಿದ್ದೆಲ್ಲ, ಸಾಂತಾಕ್ರೂಜಿಂದು?”

ಕವರಿನ ಮೇಲೆ ಮೊರ್ವಾಲ್ ಸಾಹೇಬನಿದ್ದ. ಫ್ರಾನ್ಸಿನಿಂದ ಬಂದು, ಸಾಂತಾಕ್ರೂಜಿನ ಉಡುಪಿ ಹೋಟೆಲೊಂದರ ಮೇಲಿನ ಕೋಣೆಯಲ್ಲಿ ಹದಿನೈದು ವರ್ಷ ಇದ್ದು, ಯಾರೂ ನುಡಿಸದ ಸಂಗೀತ ಬರೆದು, ೧೯೬೭ರಲ್ಲಿ ಅಲ್ಲೇ ತೀರಿಕೊಂಡ ಮನುಷ್ಯ. ಹೋಟೆಲಿನ ಮಾಲೀಕ ಚೆನ್ನಯನ ಮಗಳು ಶೀಲಾವತಿಗೆ ಪಿಯಾನೊ ಕಲಿಸುತ್ತಿದ್ದ. ಅದಕ್ಕೆ ಬದಲಾಗಿ ಎರಡು ಹೊತ್ತಿನ ಊಟ. ಆ ಶಿಷ್ಯೆಯೇ ಈಗ, ಏಳು ವರ್ಷದ ಮೇಲೆ, ಪ್ಯಾರಿಸ್ಸಿನಲ್ಲಿ ಗುರುವಿನ ಸಂಗೀತ ನುಡಿಸಿ ರೆಕಾರ್ಡು ಮಾಡಿದ್ದಳು. ಬದುಕಿದ್ದಾಗ ಪೋಸ್ಟ್‌ಮನ್ನನಿಗೂ ನೆನಪಿರದ ಹೆಸರು ಈಗ ಪೇಪರಿನಲ್ಲಿ ಬರುತ್ತಿತ್ತು.

ಗದಿಗೆಪ್ಪ ರೆಕಾರ್ಡು ಹಚ್ಚಿ, ತಾಳ ಸಿಗದೆ ಎರಡು ಸಲ ತೊಡೆ ತಟ್ಟಿ ಸುಮ್ಮನಾದ. ಕುತುಬುದ್ದೀನನ ಮುಖ ಮಾತ್ರ ಇಳಿಯುತ್ತಾ ಹೋಯಿತು. ರಿಪೇರಿಗಾರನ ಕಿವಿ ಹಾಡು ಕೇಳುವುದಿಲ್ಲ, ಕೆಟ್ಟ ಸ್ವರ ಹುಡುಕುತ್ತದೆ.

“ಯಾಕೊ? ಊರಿಂದ ತಾರ್ ಬಂದವ್ರಂಗ ಕುಂತಿ?”

“ಅಣ್ಣಾ, ಇದರಾಗ ನಡುವಿನ ಕರಿ ಮನಿ ಒಂದು ಬಾರಸೇ ಇಲ್ರಿ. ಅಷ್ಟೂ ಹಾಡಿನಾಗ, ಒಮ್ಮೆನೂ!”

ಪೇಟಿಯವರು ಮನೆ ಎಂದು ಕರೆಯುವ ಆ ಕರಿ ಪಟ್ಟಿಯ ಕತೆ ಅಂಗಡಿಯಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು. ಸಾಹೇಬ ಸಾಯುವ ಎರಡು ವರ್ಷ ಮೊದಲು ಅದರ ತಂತಿಗೆ ಬಡಿಯುವ ಮರದ ಸುತ್ತಿಗೆ ಮುರಿದು, ಬಾ ಎಂದು ಚೀಟಿ ಬಂದಿತ್ತು. ಗಣಪತಿ ಹಬ್ಬದ ದಿನಗಳು. ಅಂಗಡಿಯಲ್ಲಿ ಭಜನೆಯವರ ಪೇಟಿಗಳ ಸಾಲು. ಮುಗಿಸಿ ಬರುತ್ತೇನೆಂದು ಹೇಳಿ ಕಳಿಸಿದ. ಆಮೇಲೆ ನವರಾತ್ರಿಯವರು ಬಂದರು, ಕವಾಲಿಯವರು ಬಂದರು. ಎರಡನೇ ಚೀಟಿ ಬರಲಿಲ್ಲ. ಸಾಹೇಬನಿಗೆ ಸಿಟ್ಟು ಬಂದಿರಬೇಕೆಂದು ಹೆದರಿ ಇವನೂ ಹೋಗಲಿಲ್ಲ. ಕೊನೆಗೆ ಬಂದದ್ದು ಸಾವಿನ ಸುದ್ದಿ.

“ಆ ಮನಷ್ಯಾ ಎರಡು ವರ್ಷ ಕುಂಟಕೋತ ಬರದಾನ್ರಿ. ಈಗ ಜಗತ್ತೆಲ್ಲಾ ಕೂತು ಕೇಳೂದು ನನ್ನ ಮೈಗಳ್ಳತನಾನ!”

“ಹಂಗಾರ ಇವತ್ತ ಹೋಗಿ ಮಾಡಿ ಬಾ,” ಎಂದು ಗದಿಗೆಪ್ಪ ತಾನೇ ಅವನ ಚೀಲ ತುಂಬಿದ. ಸಾಲದ್ದಕ್ಕೆ ಹೋಟೆಲಿಗೆ ಫೋನ್ ಮಾಡಿ, “ನಮ್ಮ ಎಕ್ಸ್‌ಪರ್ಟ್ ಬರಾಕತ್ತಾನ್ರಿ,” ಎಂದೂ ಹೇಳಿಬಿಟ್ಟ. ಎಕ್ಸ್‌ಪರ್ಟನನ್ನು ಲೋಕಲ್ಲಿನ ಜನ ಬಾಂದ್ರಾದಲ್ಲೇ ಹೊರಗೆ ದೂಡಿದರು. ಚೀಲದ ಪಾನಾ ಚುಚ್ಚುತ್ತದೆಂದು ಮುಂದಿನ ಗಾಡಿಯವರೂ ಬೈದರು.

ಸಾಂತಾಕ್ರೂಜಿನಲ್ಲಿ ಚೆನ್ನಯ ಗಲ್ಲಾ ಬಿಟ್ಟು ಎದ್ದು ಬಂದ. “ಬನ್ನಿ ಮಾರಾಯ್ರೆ! ಮಗಳು ಮೊನ್ನೆ ಬಂದದ್ದು. ಈಗ ಫೋರ್ಟಿಗೆ ಹೋಗಿದ್ದಾಳೆ. ನಾಡಿದ್ದು ಪ್ಯಾರಿಸ್ಸಿನವರು ಸಾಹೇಬರ ಪಿಯಾನೊ ನೋಡ್ಲಿಕ್ಕೆ ಬರ್ತಾರಂತೆ. ಅದರಲ್ಲೊಂದು ಸತ್ತ ಸ್ವರ ಉಂಟಲ್ಲ, ನನಗೇ ನಾಚಿಕೆ. ಅವಳು ಬರುವುದರೊಳಗೆ ಮುಗಿಸಿ ಬಿಡಿ!”

ಮೂರು ತಾಸು ಹಿಡಿಯಿತು. ಹತ್ತು ನಿಮಿಷಕ್ಕೊಮ್ಮೆ ಚೆನ್ನಯ ಕಾಫಿಯೊಂದಿಗೆ ಒಂದು ಸಲಹೆಯನ್ನೂ ತರುತ್ತಿದ್ದ. ಕುತುಬುದ್ದೀನನ ಮೊಣಕೈ ಪಿಯಾನೊದೊಳಗೆ ಸಿಕ್ಕಿಕೊಂಡಾಗ ಕೊಬ್ಬರಿ ಎಣ್ಣೆ ಹಚ್ಚಿ ಎಳೆದು ತೆಗೆದವನೂ ಅವನೇ. ಮುರಿದ ಹಳೆಯ ಸುತ್ತಿಗೆಯನ್ನು, ಕಸ ಯಾಕೆ ಎಂದು, ಕೆಳಗೆ ಒಯ್ದು ಒಲೆಗೆ ಹಾಕಿದ.

ನಾಲ್ಕು ಗಂಟೆಗೆ ಆ ಮನೆ ನುಡಿಯಿತು. ಗುಂಡಗೆ, ಚೊಕ್ಕವಾಗಿ. ಕುತುಬುದ್ದೀನ ಗೋಡೆಯ ಮೇಲಿದ್ದ ಸಾಹೇಬನ ಫೋಟೋಕ್ಕೆ ಕೈ ಮುಗಿದ. “ಸಾಬ್, ಮಾಫ್ ಮಾಡ್ರಿ. ಭಾಳ ತಡಾ ಆತು.”

ಅಷ್ಟರಲ್ಲಿ ಶೀಲಾವತಿ ಬಂದಳು. “ಒತ್ತಿ ನೋಡು!” ಎಂದು ಚೆನ್ನಯ ಹಿಗ್ಗಿದ. ಅವಳು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಕಣ್ಣು ತುಂಬಿದವು.

“ಅಳಬ್ಯಾಡ ಬೇಟಿ,” ಕುತುಬುದ್ದೀನನೂ ಕಣ್ಣೊರೆಸಿಕೊಂಡ. “ಅವರು ಕರೆದಾಗ ನಾ ಬರಲಿಲ್ಲ. ತಪ್ಪು ನಂದೇ.”

“ನೀವು ಬಾರದಿದ್ದದ್ದೇ ಪುಣ್ಯ ಆಗಿತ್ತು ಚಾಚಾ. ಅದಕ್ಕೆ ಮೊದಲು ಬರೆದದ್ದನ್ನೆಲ್ಲ ಸರ್ ಹರಿದು ಹಾಕಿದ್ರು. ಈ ಸ್ವರ ಸತ್ತ ಮೇಲೆಯೇ ಅವರಿಗೆ ಬರೆಯಲಿಕ್ಕೆ ದಾರಿ ಸಿಕ್ಕಿದ್ದು. ಆಮೇಲೆ ಕುತುಬುದ್ದೀನ ಬಂದರೆ ನಾನು ಮನೆಯಲ್ಲಿಲ್ಲ ಅನ್ನು ಅಂತ ನನಗೆ ಹೇಳಿಟ್ಟಿದ್ರು. ಪ್ಯಾರಿಸ್ಸಿನವರು ಬರುವುದೇ ಈ ಸತ್ತ ಸ್ವರ ನೋಡ್ಲಿಕ್ಕೆ.”

ಕುತುಬುದ್ದೀನ ಚೀಲಕ್ಕೆ ಕೈ ಹಾಕಿದ. “ಹಳೇ ಸುತ್ತಿಗಿ ಮತ್ತ ಕೂಡಸ್ತೀನಿ...”

“ಅದು ಒಲೆಗೆ ಹೋಯ್ತು,” ಎಂದ ಚೆನ್ನಯ, ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದವನು.

“ಹಂಗಾರ ಇದನ್ನ ಮುರದ ಬಿಡ್ತೀನಿ!”

“ಬೇಡ ಚಾಚಾ,” ಶೀಲಾವತಿ ಮೆಲ್ಲಗೆ ಮುಚ್ಚಳ ಮುಚ್ಚಿದಳು. “ನೀವು ಮುರಿದದ್ದನ್ನು ಸರ್‌ದು ಅಂತ ನಾನು ಯಾವ ಬಾಯಲ್ಲಿ ತೋರಿಸ್ಲಿ?”

ಕುತುಬುದ್ದೀನ ಚೀಲ ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದ. ತಾನು ಆ ಸಾಹೇಬನಿಗೆ ಮಾಡಿದ್ದ ಒಂದೇ ಒಂದು ಉಪಕಾರಕ್ಕೆ ಬೆಳಗಿನಿಂದ ಕಣ್ಣೀರು ಹಾಕಿದ್ದ. ಈಗ ಅದನ್ನೂ ರಿಪೇರಿ ಮಾಡಿ ಮುಗಿಸಿದ್ದ.