ಹೊಗೆ ಹಾಕಿ ತೆಗೆದ ಕ್ಯಾಸೆಟ್ಟು

ಈ ಕ್ಯಾಸೆಟ್ಟು ಥೇಟ್ ಸಿನಿಮಾದಂತೆ ಕಾಣದಿದ್ದರೆ ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಎಂದು ನೊಣವಿನಕೆರೆಯ ಯೋಗೀಶ ಶಪಥ ಮಾಡಿದ. ಊರವರ ಮದುವೆಗಳ ವಿಡಿಯೋ ತೆಗೆದು ಪಳಗಿದ ಕೈ. ಈಗ ಬಂದಿದ್ದು ಸ್ವಂತ ಮದುವೆಯ ಪ್ರಶ್ನೆ. ಸಂಪಿಗೆ ಎಂಬ ಊರಿನ ಇಂಪನಾ ಅವನಿಗೆ ತುಂಬ ಹಿಡಿಸಿದ್ದಳು. ಆದರೆ ಆಕೆಯ ಅಜ್ಜಿ ಗಂಡಿನ ಮನೆ, ಕೊಬ್ಬರಿ ಅಟ್ಟ ನೋಡದೆ ಹೆಣ್ಣು ಕೊಡುವವರಲ್ಲ. ಸೊಂಟ ಮುರಿದು ಮಲಗಿದ್ದವರು ಬರುವುದಾದರೂ ಹೇಗೆ? ಮನೆಯೇ ಅವರ ಟೀವಿಗೆ ಹೋಗಲಿ ಎಂದು ತೀರ್ಮಾನವಾಯಿತು.

ಸಿನಿಮಾಗಳಲ್ಲಿ ಬಿಸಿಲು ಕೋಲುಕೋಲಾಗಿ ಇಳಿಯುತ್ತದಲ್ಲ, ಅವನಿಗೆ ಅದೇ ಬೇಕು. ಅದಕ್ಕೆ ಹೊಗೆ ಬೇಕು. ಹೊಗೆ ಬಿಡುವ ಯಂತ್ರಕ್ಕೆ ಕಾಸಿಲ್ಲ, ತೆಂಗಿನ ಮಟ್ಟೆಗೇನು ಬರ! ಅಮ್ಮ ಶಿವರುದ್ರಮ್ಮನನ್ನು ಅಟ್ಟದ ಕೆಳಗಿನ ಮೂಲೆಯಲ್ಲಿ, ಹಸಿ ಮಟ್ಟೆ ತುಂಬಿದ ಬಾಂಡ್ಲಿಯ ಮುಂದೆ ಕೂರಿಸಿ ಕೈಗೆ ಮೊರ ಕೊಟ್ಟ. ಆಕೆ ಬೆಳಿಗ್ಗೆಯೇ ಮದುವೆಮನೆಗೆ ಉಡುವ ಸೀರೆ ಉಟ್ಟು ಸಿದ್ಧವಾಗಿದ್ದರು.

"ನಾನೂ ಕಾಣ್ತೀನೇನೋ?"

"ಅಡ್ಡ ಬರಬೇಡ ಕಣಮ್ಮ, ಲುಕ್ಕು ಕೆಟ್ಟೋಯ್ತದೆ. ಬೀಸ್ತಾ ಇರು."

ಪಾಪ, ಮುಕ್ಕಾಲು ಗಂಟೆ ಬೀಸಿದರು.

ಕೋಲುಬಿಸಿಲಿನಲ್ಲಿ ಕೊಬ್ಬರಿ ರಾಶಿ ದೇವಲೋಕದ ಹಾಗೆ ಹೊಳೆಯಿತು. ಯೋಗೀಶ ಹನ್ನೊಂದು ಸಲ ನೋಡಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಕ್ಯಾಸೆಟ್ಟು ಕಳಿಸಿದ.

ನಾಲ್ಕನೇ ದಿನ ಇಂಪನಾಳ ಅಪ್ಪ ಗಂಗಾಧರಯ್ಯ ಕ್ಯಾಸೆಟ್ಟನ್ನು ವಾಪಸು ತಂದರು.

"ಅಟ್ಟ ಚೆನ್ನಾಗೈತೆ ಕಣಪ್ಪ. ಆದ್ರೆ ಆ ಕೆಮ್ಮು ಯಾರ್ದು? ದಮ್ಮಿನೋರನ್ನ ಮುಚ್ಚಿಟ್ಟವ್ರೆ, ಈ ಸಂಬಂಧ ಬ್ಯಾಡ ಅಂತಾವ್ರೆ ನಮ್ಮವ್ವ."

ಯೋಗೀಶ ಕ್ಯಾಸೆಟ್ಟು ಹಾಕಿ ಕಿವಿಗೊಟ್ಟ. ಬೆಳಕು ನೋಡುವ ಸಂಭ್ರಮದಲ್ಲಿ ಹನ್ನೊಂದು ಸಲವೂ ಅವನಿಗೆ ಕೇಳಿಸದಿದ್ದ ಕೆಮ್ಮು, ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಕೇಳಿತು. ಲೈಟಿಂಗು, ಎಫೆಕ್ಟು ಎಂದು ಅವನು ವಿವರಿಸಹೊರಟರೆ ಗಂಗಾಧರಯ್ಯ ಪಿಳಿಪಿಳಿ ನೋಡಿದರು.

"ಬುಡು, ನಾನೇ ಬತ್ತೀನಿ," ಎಂದರು ಅಮ್ಮ.

ಮರುದಿನ ತಾಯಿ ಮಗ ಸಂಪಿಗೆಯಲ್ಲಿ ಅಜ್ಜಿಯ ಮಂಚದ ಎದುರು ಕೂತಿದ್ದರು.

"ಕೆಮ್ಮಿದ್ದು ನಾನೇ ಕಣವ್ವ. ಮಗ ಮೂಲೇಲಿ ಕೂತು ಹೊಗೆ ಹಾಕು ಅಂದ, ಹಾಕ್ದೆ. ದಮ್ಮೂ ಇಲ್ಲ, ಏನೂ ಇಲ್ಲ."

ಅಜ್ಜಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಯೋಗೀಶನ ಕಡೆ ತಿರುಗಿದರು.

"ಇಷ್ಟು ಲಕ್ಷಣವಾದ ತಾಯೀನ ಬುಟ್ಟು ಬರೀ ಕೊಬ್ರಿ ತೆಗ್ದಿದ್ದೀಯಲ್ಲಪ್ಪ. ಹೆತ್ತೋಳ್ನೇ ಮೂಲೇಲಿ ಕೂರಿಸ್ದೋನು ನನ್ ಮೊಮ್ಮಗಳನ್ನ ಎಲ್ಲಿ ಕೂರಿಸ್ತೀಯ?"

ಯೋಗೀಶನಿಗೆ ನಿಜಕ್ಕೂ ನಾಚಿಕೆಯಾಯಿತು. ಅಮ್ಮ ಆವತ್ತು ಯಾವ ಸೀರೆ ಉಟ್ಟಿದ್ದರೆಂದು ಕೂಡ ಅವನಿಗೆ ನೆನಪಿರಲಿಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂಪನಾ ಬಾಯಿ ಬಿಟ್ಟಳು.

"ನಂಗೆ ಒಪ್ಗೆ ಅಜ್ಜಿ. ಆದ್ರೆ ಇನ್ನೊಂದು ಕ್ಯಾಸೆಟ್ಟು ತೆಗೀಬೇಕು. ಅತ್ತೆ ಮುಂದೆ ಕೂತ್ಕೊಳ್ಲಿ, ಕ್ಯಾಮೆರಾ ನಾನ್ ಹಿಡೀತೀನಿ. ಹೊಗೆ ಇವ್ರು ಹಾಕ್ಲಿ."