ಕುಂಬಳಕಾಯಿಗೆ ಮೊದಲ ಏಟು

ನಮ್ಮತ್ತೆ ಅರ್ಧ ಮಳವಳ್ಳಿಗೆ ಕುಂಬಳಕಾಯಿ ತಿನ್ನಿಸಿದವರು. ಆದರೆ ತಮ್ಮ ಕೈಯಾರೆ ಒಂದೇ ಒಂದು ಕುಂಬಳಕಾಯಿ ಒಡೆದವರಲ್ಲ! ನಂಬುತ್ತೀರಾ?

ಸೋಮಾರಿತನ ಅಂದುಕೊಳ್ಳಬೇಡಿ. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮಚ್ಚು ಇಡುವಂತಿಲ್ಲ. ಗಂಡಸರು ಮೊದಲ ಏಟು ಹಾಕಿಕೊಡಬೇಕು. ಮಾವ ತೀರಿಹೋಗಿದ್ದರು. ಇದ್ದೊಬ್ಬ ಮಗ, ಅಂದರೆ ನನ್ನ ಯಜಮಾನರು, ಲಾರಿ ಓಡಿಸಲು ಬರುತ್ತದೆ ಅಂತ ಯುದ್ಧಕ್ಕೆ ಸೇರಿ ಬರ್ಮಾ ಕಡೆ ಹೋಗಿದ್ದರು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಇಂಥವರು ಬದನೆಕಾಯಿ ಬೆಳೆದುಕೊಂಡು ಸುಮ್ಮನಿರಬಾರದೇ?

ಬದನೆಯೂ ಇತ್ತು, ಅವರೆಯೂ ಇತ್ತು. ಆದರೆ ಅತ್ತೆಯ ಜೀವವೆಲ್ಲ ಕುಂಬಳದ ಮೇಲೆ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಪಾತಿಯಿಂದ ಶುರುವಾದ ತೋಟ ಸೌದೆ ಒಟ್ಟುವ ಜಾಗ ನುಂಗಿತು, ಬಟ್ಟೆ ಒಗೆಯುವ ಕಲ್ಲು ನುಂಗಿತು. ಕೊನೆಗೆ ಬಳ್ಳಿ ಗೋಡೆ ಹಾರಿ, ಪಕ್ಕದ ಮನೆಯ ಮೆಕ್ಯಾನಿಕ್ ಸಾಬರು ರಿಪೇರಿಗೆ ನಿಲ್ಲಿಸಿದ್ದ ಬಸ್ಸಿನ ಮೇಲೆ ಹತ್ತಿತು.

"ಅಮ್ಮಾ, ನಿಮ್ ಬಳ್ಳಿ ನಮ್ ಬಸ್ ಅತ್ಬುಟ್ಟೈತೆ!" ಅಂದರು ಸಾಬರು.

"ಟಿಕೀಟು ಕೇಳು ಸಾಬಣ್ಣ, ಕಾಯಿ ಕೊಡ್ತೀನಿ!"

ಆ ಬಸ್ಸು ಹೊರಡಬೇಕಾದರೆ ಕಾಯಿ ಬಲಿಯುವ ತನಕ ಕಾಯಬೇಕಾಯಿತು.

ಕಾಯಿ ಬಿಟ್ಟ ಮೇಲೆ ಒಡೆಯುವವರು ಯಾರು? ಬೀದಿಯಲ್ಲಿ ಮೀಸೆ ಕಂಡರೆ ಸಾಕು, ಅತ್ತೆ ಕೂಗುತ್ತಿದ್ದರು. ಒಡೆದವರಿಗೆ ಅರ್ಧ, ಉಳಿದರ್ಧ ಬೀದಿಯ ಮನೆಗಳಿಗೆ. ಅಕ್ಕಿಗೆ ತತ್ವಾರವಾಗಿದ್ದ ಕಾಲ, ಬೇಡ ಅನ್ನುವವರು ಯಾರು? ನಮಗೆ ಮಾತ್ರ ತೊಟ್ಟಿನ ಕಡೆಯ ಚೂರು!

ಟಪಾಲಿನವನು ನಮ್ಮ ಹೆಸರಿಗೆ ಕಾಗದವಿಲ್ಲದ ದಿನ ನಾಚಿಕೊಂಡು ಪಕ್ಕದ ಓಣಿಯಲ್ಲಿ ಹೋಗುತ್ತಿದ್ದ. ಅತ್ತೆ ಅಲ್ಲಿಗೂ ಹೋಗಿ ಹಿಡಿದರು.

"ಕಾಗ್ದ ಇಲ್ದಿದ್ರೆ ಬರಬಾರ್ದು ಅಂತ ಕಾನೂನಾ? ಬಾಪ್ಪ, ಒಂದೇಟಾಕ್ಕೊಟ್ಟು ಓಗು."

ಅವನು ಒಡೆಯುವಾಗ ಅತ್ತೆ ಅವನ ಚೀಲವನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಪ್ರತಿ ಬೆಳೆಯಲ್ಲೂ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಅಟ್ಟದಲ್ಲಿ ಹುಲ್ಲಿನ ಮೇಲೆ ಕೂರಿಸುತ್ತಿದ್ದರು. "ಅದ್ನ ಮುಟ್ಬ್ಯಾಡ ಕಣಮ್ಮಿ. ನನ್ ಮಗ ಬಂದು ಒಡೀತಾನೆ."

ಯುದ್ಧ ಮುಗಿದು ಮಗ ಬಂದರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ. ಲಾರಿ ಓಡಿಸುತ್ತಿದ್ದ ಮನುಷ್ಯ ನಡುಮನೆ ಬಿಟ್ಟು ಹೊರಗೆ ಬರಲೊಲ್ಲರು, ಯಾರ ಜೊತೆಗೂ ಮಾತಿಲ್ಲ. ಹೀಗೇ ವಾರ ಕಳೆಯಿತು. ಸಾಬರು ಮಾತಾಡಿಸಲು ಬಂದಾಗ ನಾನು ಮೆಲ್ಲಗೆ, "ಅಣ್ಣಾ, ಅಟ್ಟದ್ ಕಾಯಿ ಒಡ್ಕೊಡಿ" ಅಂದೆ. ಅತ್ತೆ ನನ್ನ ಮೇಲೆ ಹರಿಹಾಯ್ದರು.

"ಮನೇಲಿ ಗಂಡ್ಸು ಇರೋವಾಗ ಬ್ಯಾರೆಯೋರ್ನ ಯಾಕ್ ಕರೀತೀಯಮ್ಮಿ?"

ಕಾಯಿ ತಂದು ಮಗನ ಮುಂದಿಟ್ಟು, ಪಕ್ಕದಲ್ಲಿ ಮಚ್ಚಿಟ್ಟರು.

"ಕೈ ಎಲ್ಲೈತವ್ವ ನಂಗೆ?"

"ಎಡಗೈ ಏನ್ಲಾ, ಪಕ್ಕದ್ಮನೇದಾ?"

ಮೊದಲ ಏಟು ಜಾರಿತು. ಕಾಯಿ ಉರುಳಿತು. ಅತ್ತೆ ನೆಲದ ಮೇಲೆ ಕೂತು ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. "ಆಕು" ಅಂದರು. ಮಚ್ಚು ಅವರ ಬೆರಳಿನ ಪಕ್ಕದಲ್ಲೇ ಬಿತ್ತು. ಅವರು ಕೈ ಸರಿಸಲಿಲ್ಲ. "ಇನ್ನೊಂದು" ಅಂದರು. ಕಾಯಿ ಸೊಟ್ಟಗೆ, ಅಡ್ಡಾದಿಡ್ಡಿ ಸೀಳಿ ಎರಡಾಯಿತು.

ಅತ್ತೆ ಅವತ್ತು ಮೊರದ ತುಂಬ ಹೋಳು ಹೊತ್ತು ಮನೆಮನೆಗೂ ಹೋದರು. "ನನ್ ಮಗ ಒಡ್ದಿದ್ದು, ತಕ್ಕಳಿ." ಬರಿಯ ಮೊರ ಹಿಡಿದು ಬಂದರು. ತೊಟ್ಟಿನ ಚೂರೂ ಉಳಿಸಿರಲಿಲ್ಲ! ಅವತ್ತು ಮುದ್ದೆಗೆ ನಾನು ಉಪ್ಪು ಮೆಣಸಿನಕಾಯಿ ಅರೆದೆ.

"ಒಡ್ದೋನು ನಾನು. ನಂಗೊಂದ್ ಚೂರಾದ್ರೂ ಬ್ಯಾಡ್ವೇನವ್ವ?" ಅಂತ ಯಜಮಾನರು ಜೋರಾಗಿ ನಕ್ಕುಬಿಟ್ಟರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಾಳೀಕೆ ಇನ್ನೊಂದ್ ಒಡಿ, ಮಗ" ಅಂದರು. ನನಗೂ ಅಳು ಬಂತು. ಆ ನಗು ಕೇಳಿದ ಮೇಲೇ ನನ್ನ ಗಂಡ ಮನೆಗೆ ಬಂದರು ಅನ್ನಿಸಿದ್ದು.