ಛಿದ್ರಾನ್ವೇಷಿ ಮತ್ತು ಬಡಾವಣೆಯ ಚುನಾವಣೆ

ಅಜ್ಜಿ ಬಿದ್ದು ಕಾಲು ಉಳುಕಿಸಿಕೊಂಡ ಮೇಲೂ ಬಡಾವಣೆಯ ಚರಂಡಿಗೆ ಒಂದು ಕಲ್ಲು ಮುಚ್ಚಿಸದ ಅಪ್ಪ, ಸಂಘದ ಅಧ್ಯಕ್ಷರ ಮೇಜಿಗೆಂದು ಹುಣಸೆ ಮರದ ಹಲಗೆ ತರಿಸಿದ್ದರು. ಅಧ್ಯಕ್ಷರು ಅವರೇ. ಅಂಚು ಕೊಯ್ಯದೆ ಮರದ ಡೊಂಕನ್ನು ಹಾಗೇ ಉಳಿಸಿದ ಹಲಗೆ. ನಡುವೆ ಕೈ ಹೋಗುವಷ್ಟು ಬಿರುಕು. ಅದನ್ನು ತುಂಬಲು ಚಿಕ್ಕಪ್ಪ ಶೇಷಗಿರಿ ಒಂದು ಯಂತ್ರವನ್ನೇ ಕಂಡುಹಿಡಿದರು. ಹೆಸರು ಛಿದ್ರಾನ್ವೇಷಿ. ಏಡಿಯಂಥ ಕಾಲು, ಕ್ಯಾಮೆರಾ ಕಣ್ಣು, ಹೊಟ್ಟೆ ತುಂಬ ನಿಮಿಷದಲ್ಲಿ ಗಾಜಿನಂತೆ ಗಟ್ಟಿಯಾಗುವ ಬೆಚ್ಚನೆಯ ಎಪಾಕ್ಸಿ ಅಂಟು.

ಯಂತ್ರದ ಪ್ರದರ್ಶನ, ಸಂಘದ ಚುನಾವಣೆಯ ಬೆಳಿಗ್ಗೆಯೇ ಆಗಬೇಕೆಂದು ಅಪ್ಪನ ಹಟ. ಅಂಥ ಮೇಜು ನೋಡಿಯೂ ಮತ ಹಾಕದವರು ಇರುತ್ತಾರೆಯೇ? ಎದುರಾಳಿ ಪಂಕಜಾಕ್ಷಿ ಮೇಡಂ ಚರಂಡಿಯ ಮಾತು ಬಿಟ್ಟು ಬೇರೆ ಆಡಿದವರಲ್ಲ. ಜನ ಸೇರುವ ಮುನ್ನವೇ ನಾನು ಮೊದಲ ಮತ ಹಾಕಿ ಕಂಬದ ಹಿಂದೆ ನಿಂತೆ. ಯಾರಿಗೆ ಎಂಬುದು ನನಗೂ ಆ ಗಾಜಿನ ಮತಪೆಟ್ಟಿಗೆಗೂ ಬಿಟ್ಟ ವಿಷಯ. ಮನೆಯಲ್ಲಿ ತಿಳಿದರೆ ಗತಿಯಿಲ್ಲ. ಉಳಿದವರು ಚೀಟಿ ಹಿಡಿದುಕೊಂಡು ಯಂತ್ರ ನೋಡಲು ನಿಂತರು.

ಅದು ಬಿರುಕನ್ನು ಎಷ್ಟು ನಯವಾಗಿ ತುಂಬಿತೆಂದರೆ, ಮೇಡಂ ಕೂಡ ಹಲಗೆ ಸವರಿ ನೋಡಿದರು. ಚಪ್ಪಾಳೆಯೋ ಚಪ್ಪಾಳೆ! ಆಮೇಲೆ ಯಂತ್ರ ಹಲಗೆಯಿಂದ ಕೆಳಗಿಳಿಯಿತು. ಗೋಡೆಯ ಪ್ಲಗ್ ತೂತು ತುಂಬಿತು. ಬಾಗಿಲ ಬೀಗದ ಕಿಂಡಿ ತುಂಬಿತು. ಚಪ್ಪಲಿ ಬಿಟ್ಟು ಕೂತಿದ್ದ ಕಾರ್ಯದರ್ಶಿಗಳ ಒಡೆದ ಹಿಮ್ಮಡಿ ತುಂಬಿ, ಅವರನ್ನು ನೆಲಕ್ಕೇ ಅಂಟಿಸಿತು.

"ಶೇಷ, ನಿಲ್ಸೋ ಅದನ್ನ," ಎಂದು ಅಪ್ಪ ಗದರಿದರು.

"ಬಿರುಕು ಅಂದ್ರೇನು ಅಂತ ಕಲಿಸಿದೀನಣ್ಣ. ಯಾವುದು ಬಿರುಕಲ್ಲ ಅಂತ ಕಲ್ಸೋಕೆ ಟೈಮೆಲ್ಲಿತ್ತು? ನೀನೇ ಬೇಗ ಬೇಗ ಅಂದೆ."

ಅಷ್ಟರಲ್ಲಿ ಅದು ಮತಪೆಟ್ಟಿಗೆಯ ಸೀಳಿಗೆ ಮೂತಿ ಇಟ್ಟಿತ್ತು. ಪೆಟ್ಟಿಗೆ ಕಂಠಮಟ್ಟ ತುಂಬಿತು. ಒಳಗೆ ನನ್ನ ಚೀಟಿ ಮಡಿಕೆ ಬಿಚ್ಚಿ, ಹೂವಿನಂತೆ ಅರಳಿ, ಹಾಗೇ ಗಟ್ಟಿಯಾಗಿ ನಿಂತಿತು. ಗುದ್ದಲಿ ಗುರುತಿನ ಮೇಲೆ ಸೀಲು. ಗುದ್ದಲಿ ಪಂಕಜಾಕ್ಷಿ ಮೇಡಂ ಅವರದ್ದು.

ಇನ್ನೊಮ್ಮೆ ಮತದಾನ ನಡೆಯಲೆಂದರು ಅಪ್ಪ. ಪೆಟ್ಟಿಗೆಯ ಬಾಯಿ ಮುಚ್ಚಿದ ಮೇಲೆ ಒಳಗಿದ್ದಷ್ಟೇ ಮತ ಎಂಬ ನಿಯಮವಿದೆಯಲ್ಲ, ಎಂದು ಚುನಾವಣಾಧಿಕಾರಿ ತಲೆ ಕೆರೆದುಕೊಂಡರು. ತಡವಾಗಿ ಬರುವ ವಿರೋಧಿಗಳನ್ನು ಹೊರಗಿಡಲು ಹೋದ ಸಲ ಅದನ್ನು ಬರೆಸಿದ್ದು ಅಪ್ಪನೇ. ಹೀಗೆ ಮೇಡಂ, ಒಂದಕ್ಕೆ ಸೊನ್ನೆಯ ಭಾರಿ ಅಂತರದಿಂದ ಗೆದ್ದರು. ಉಳಿದವರ ಚೀಟಿ ಇನ್ನೂ ಕೈಯಲ್ಲೇ ಇತ್ತು; ಮತ ಹಾಕಿದ್ದವಳು ನಾನೊಬ್ಬಳೇ ಎಂಬುದು ಎಲ್ಲರಿಗೂ ತಿಳಿದುಹೋಯಿತು. ಕಂಬ ತೀರಾ ತೆಳ್ಳಗಿದೆ ಅನಿಸಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಸಾರನ್ನ ಕಲಸುತ್ತ ಹೇಳಿದರು:

"ಸೀಲು ನೀಟಾಗಿ ಬಿದ್ದಿದೆ ಕಣಮ್ಮ. ಕೈ ಸ್ವಲ್ಪನೂ ನಡುಗಿಲ್ಲ."